ಒಂದೇ ಮನೆ, ಒಬ್ಬರಿಗೆ ಮಾತ್ರ ಟಿಬಿ ಏಕೆ?

ಪ್ರಶ್ನೆ: ಅಪ್ಪನಿಗೆ ಟಿಬಿ ಬಂತು, ಜೊತೆಗಿದ್ದ ನಮಗೆ ಬರಲಿಲ್ಲ. ಯಾಕೆ?
– ಓದುಗರು, ಅಕ್ಕಲಕೋಟೆ

ಉತ್ತರ: ಸೋಂಕು ನಿಮಗೂ ತಗುಲಿರಬಹುದು. ತಗುಲಿದವರಲ್ಲಿ ಜೀವಮಾನದಲ್ಲಿ ರೋಗಕ್ಕೆ ಬೀಳುವವರು ಶೇ 5ರಿಂದ 10ರಷ್ಟು ಮಾತ್ರ. ಶ್ವಾಸಕೋಶದ ಭಕ್ಷಕ ಕಣಗಳು ಕ್ಷಯದ ಬ್ಯಾಕ್ಟೀರಿಯಾವನ್ನು ನುಂಗಿದರೂ ಅದು ಅವುಗಳೊಳಗೇ ಬದುಕಬಲ್ಲದು. ಆಗ ರೋಗನಿರೋಧಕ ವ್ಯವಸ್ಥೆಯ ಟಿ ಕಣಗಳು ಇಂಟರ್‌ಫೆರಾನ್ ಗಾಮಾ ಎಂಬ ಸಂದೇಶದ ಅಣುವನ್ನು ಸುರಿಸಿ, ಒಳಗಿನ ಶತ್ರುವನ್ನು ಕೊಲ್ಲುವಂತೆ ಆ ಕಣಗಳನ್ನು ಹುರಿಗೊಳಿಸುತ್ತವೆ. ಟಿಎನ್‌ಎಫ್ ಎಂಬ ಇನ್ನೊಂದು ಅಣು, ಉಳಿದ ಬ್ಯಾಕ್ಟೀರಿಯಾದ ಸುತ್ತ ಕಣಗಳು ಕಟ್ಟಿದ ಕೋಟೆ ಕುಸಿಯದಂತೆ ಕಾಯುತ್ತದೆ. ಸಂಧಿವಾತಕ್ಕೆಂದು ಟಿಎನ್‌ಎಫ್ ತಡೆಯುವ ಔಷಧ ಪಡೆದ ಕೆಲವರಲ್ಲಿ ಅಡಗಿದ್ದ ಟಿಬಿ ಕೆರಳಿದ್ದು 2001ರಲ್ಲಿ ವರದಿಯಾಯಿತು. ಈಗ ಆ ಔಷಧಕ್ಕೆ ಮೊದಲು ಟಿಬಿ ಪರೀಕ್ಷೆ ಮಾಡುತ್ತಾರೆ.

ಅರೆಹೊಟ್ಟೆ, ಸಕ್ಕರೆ ಕಾಯಿಲೆ, ಧೂಮಪಾನ ಈ ಕಾವಲನ್ನು ಕುಗ್ಗಿಸುತ್ತವೆ; ಇಕ್ಕಟ್ಟಿನಲ್ಲಿ ಸೋಂಕೂ ಸುಲಭವಾಗಿ ಹರಡುತ್ತದೆ. ನಿಮ್ಮ ಸಮೀಪದ ಸೊಲ್ಲಾಪುರದ ಮಗ್ಗ, ಬೀಡಿ ಕೆಲಸಗಾರರ ಇಕ್ಕಟ್ಟಿನ ಮನೆಗಳ ಬಗ್ಗೆ ನನಗೆ ಕಳವಳವಿರುವುದು ಅದಕ್ಕೇ. ಮನೆಮಂದಿಯೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿಕೊಳ್ಳಿ. ಅಲ್ಲಿ ಪರೀಕ್ಷೆಯೂ ಔಷಧವೂ ಉಚಿತ.