ಮನಸ್ಸಿನ ಬೇನೆಗೆ ತಾಯ್ನುಡಿ

ಜ್ವರಕ್ಕೆ ನಾಡಿ ನೋಡಿ ಔಷಧ ಕೊಡಬಹುದು. ಮನಸ್ಸಿನ ಬೇನೆಗೆ ರೋಗಿಯ ಮಾತೇ ನಾಡಿ. ಪರಸ್ಥಳದಲ್ಲಿ ದುಡಿಯುವ ನಮ್ಮವರು ಅರೆಬರೆ ಹಿಂದಿಯಲ್ಲೋ ಮರಾಠಿಯಲ್ಲೋ ಒಳಗಿನ ಸಂಕಟವನ್ನು ಹೇಳುವುದಾದರೂ ಹೇಗೆ?

ಕಾಯಿಲೆ ಯಾವುದು, ಚಿಕಿತ್ಸೆ ಏನು ಎಂಬುದನ್ನು ರೋಗಿಗೆ ತಿಳಿಯುವ ಭಾಷೆಯಲ್ಲಿಯೇ ಹೇಳಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ವಿಧಿಸಿದೆ. 2022ರಲ್ಲಿ ಆರಂಭವಾದ ಸರಕಾರದ ‘ಟೆಲಿ ಮಾನಸ್’ ದೂರವಾಣಿ 14416ರಲ್ಲಿ ಹಗಲಿರುಳೂ ಪುಕ್ಕಟೆ ಸಲಹೆ ದೊರೆಯುತ್ತದೆ; ಅದರ ಭಾಷೆಗಳಲ್ಲಿ ಕನ್ನಡವೂ ಉಂಟು.

ಆದರೆ ಆಸ್ಪತ್ರೆಯಲ್ಲಿ ದುಭಾಷಿ ಬೇಕು, ಪಾಳಿ ಮುಗಿದ ಮೇಲೂ ದವಾಖಾನೆ ತೆರೆದಿರಬೇಕು ಎಂಬ ನಮ್ಮ ಅಗತ್ಯಗಳನ್ನು ನಾವೇ ತಿಳಿಸಬೇಕು. ಸೇವೆಯ ಸುಧಾರಣೆಗಾಗಿ ಸರಕಾರವಾಗಲಿ ನಗರಪಾಲಿಕೆಯಾಗಲಿ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ, ವಾಚಕ ಬಂಧುಗಳೇ, ಗಡುವಿನೊಳಗೆ ಒಂದು ಕಾಗದವನ್ನಾದರೂ ಬರೆಯೋಣ. ಬರೆಯಲು ಬಾರದವರಿಗೆ ಬಲ್ಲವರು ಬರೆದುಕೊಡಲಿ.