ಕೂದಲಿನಂಥ ಗಾಜಿನ ಥರ್ಮಾಮೀಟರ್

ಬಚ್ಚಲೊಲೆಯ ಹಂಡೆಗೆ ಮಸಿ ಕಟ್ಟುವುದನ್ನು ಅಜ್ಜಿಯರೆಲ್ಲ ಬಲ್ಲರು. ಮಕ್ಕಳೇ, ಡೀಸೆಲ್ ಎಂಜಿನ್ನಿನ ಹೊಗೆಯಲ್ಲೂ ಅಂಥದೇ ಮಸಿ ಇರುತ್ತದೆ. ಅದರ ಕಣ ಎಷ್ಟು ಸಣ್ಣದೆಂದರೆ ಉಸಿರಿನೊಡನೆ ಶ್ವಾಸಕೋಶದ ಆಳಕ್ಕೇ ಇಳಿಯುತ್ತದೆ. ಎಳೆಯರಿಗೂ ಕೇಡು, ನಮ್ಮಂಥ ಮುದುಕರಿಗೂ ಕೇಡು.

ಅದನ್ನು ತಡೆಯಲು ಹೊಗೆಕೊಳವೆಯಲ್ಲಿ ಪಿಂಗಾಣಿಯಂಥ ವಸ್ತುವಿನ ಫಿಲ್ಟರ್ ಇಡುತ್ತಾರೆ. 2020ರ ಏಪ್ರಿಲ್ 1ರಂದು ಬಿಎಸ್-6 ನಿಯಮ ಜಾರಿಯಾದ ಮೇಲೆ ನಮ್ಮ ದೇಶದ ಹೊಸ ಡೀಸೆಲ್ ಕಾರುಗಳಲ್ಲಿ ಇದು ಸಾಮಾನ್ಯ. ಒಳಗೆ ಜೇನುಗೂಡಿನ ಹಾಗೆ ಸಾಲು ಸಾಲು ಸಣ್ಣ ಓಣಿಗಳು. ಒಂದು ಓಣಿಯ ಹಿಂಬಾಗಿಲು ಮುಚ್ಚಿದ್ದರೆ, ಪಕ್ಕದ್ದರ ಮುಂಬಾಗಿಲು ಮುಚ್ಚಿರುತ್ತದೆ. ಹೊಗೆ ಗೋಡೆಯ ಸೂಕ್ಷ್ಮ ರಂಧ್ರಗಳಲ್ಲೇ ನುಸುಳಬೇಕು. ಗಾಳಿ ದಾಟುತ್ತದೆ, ಮಸಿ ಉಳಿಯುತ್ತದೆ.

ಉಳಿದ ಮಸಿಯನ್ನು ಆಗಾಗ ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಆದರೆ ಮಸಿ ವಿಪರೀತ ತುಂಬಿದ್ದು, ಅದು ಉರಿಯುವಾಗಲೇ ಎಂಜಿನ್ ನಿಧಾನವಾದರೆ, ಕಾವನ್ನು ಹೊತ್ತೊಯ್ಯುವ ಗಾಳಿ ಕಡಿಮೆಯಾಗುತ್ತದೆ. ಒಳಗೆ 1,000 ಡಿಗ್ರಿ ದಾಟಬಹುದು. ಆಗ ಫಿಲ್ಟರ್ ಬಿರುಕು ಬಿಟ್ಟು ಮಸಿ ಮತ್ತೆ ಬೀದಿಗೆ ಬರುತ್ತದೆ.

ಕಾವು ಒಳಗೆಲ್ಲ ಒಂದೇ ಸಮ ಇರುವುದಿಲ್ಲ. ಹೆಂಚಿನ ಮೇಲಿನ ರೊಟ್ಟಿ ನಡುವೆ ಸೀದು, ಅಂಚು ಹಸಿಯಾಗಿ ಉಳಿದ ಹಾಗೆ! ಬಾಗಿಲಲ್ಲಿ ಇಟ್ಟ ಮಾಪಕಕ್ಕೆ ನಡುಮನೆಯ ಬೆಂಕಿ ತಿಳಿಯದು. ನಮ್ಮ ಬ್ಯಾಂಕಿನವರ ಮಾತಿನಲ್ಲಿ ಹೇಳುವುದಾದರೆ, ಒಟ್ಟು ಮೊತ್ತ ಸಾಲದು, ಪುಟಪುಟದ ಲೆಕ್ಕ ಬೇಕು. ಲೋಹದ ತಂತಿಯ ಮಾಪಕ ಒಂದೊಂದೇ ಜಾಗದ ಲೆಕ್ಕ ಕೊಡುತ್ತದೆ. ಹತ್ತಾರು ತುರುಕಿದರೆ ಹೊಗೆಯ ದಾರಿಯೇ ಕಟ್ಟುತ್ತದೆ.

ಇಲ್ಲಿ ನೆರವಾಗುವುದು ಇಂಟರ್‌ನೆಟ್ ತರುವ ಗಾಜಿನ ಎಳೆ, ಆಪ್ಟಿಕಲ್ ಫೈಬರ್. ಅದರ ದಪ್ಪ ಮಿಲಿಮೀಟರಿನ ಎಂಟನೇ ಒಂದು ಭಾಗ. ಎಳೆಯೊಳಗೆ ಅಲ್ಲಲ್ಲಿ ಲೇಸರ್‌ನಿಂದ ಸೂಕ್ಷ್ಮ ಗೆರೆಗಳ ಗುಂಪು ಮೂಡಿಸುತ್ತಾರೆ. ಬೆಳಕು ಹಾಯಿಸಿದಾಗ ಪ್ರತಿ ಗುಂಪೂ ತನಗೊಪ್ಪುವ ಉದ್ದದ ಅಲೆಯನ್ನು ಮಾತ್ರ ಹಿಂದಕ್ಕೆ ಕಳಿಸುತ್ತದೆ. ಬಿಸಿಯಾದಂತೆ ಆ ಅಲೆ ತುಸು ಉದ್ದವಾಗುತ್ತದೆ. ಎಷ್ಟು? 1 ಡಿಗ್ರಿಗೆ ಮಿಲಿಮೀಟರಿನ ಸುಮಾರು ಹತ್ತು ಕೋಟಿಯಲ್ಲೊಂದು ಭಾಗ! ಉಪಕರಣ ಅದನ್ನೂ ಗುರುತಿಸುತ್ತದೆ. ಹೀಗೆ ಒಂದೇ ಎಳೆಯಿಂದ ಹಲವು ಜಾಗಗಳ ವರದಿ. ಸಾಮಾನ್ಯ ಗೆರೆಗಳು ಅಷ್ಟು ಕಾವಿನಲ್ಲಿ ಅಳಿಸಿಹೋಗುವುದರಿಂದ, ಮೊದಲೇ ಕಾಯಿಸಿ ಹದಮಾಡಿದ ಗೆರೆಗಳನ್ನು ಬಳಸುತ್ತಾರೆ.

ಇದು ಪ್ರಯೋಗಾಲಯದ ಸಾಧನ. ಎಷ್ಟು ಮಸಿ ತುಂಬುವುದರೊಳಗೆ ಸುಡಬೇಕು ಎಂಬುದನ್ನು ಎಂಜಿನಿಯರರು ಇಂಥ ಅಳತೆಗಳಿಂದ ತಿಳಿಯುತ್ತಾರೆ. ಆ ಲೆಕ್ಕವೇ ಕಾರಿನ ಕಂಪ್ಯೂಟರಿಗೆ ಪಾಠ. ಡೀಸೆಲ್ ಕಾರಿನಲ್ಲಿ ಫಿಲ್ಟರಿನ ಎಚ್ಚರಿಕೆ ದೀಪ ಹತ್ತಿದರೆ, ಕೈಪಿಡಿ ತೆಗೆದು ಓದಲು ಮನೆಯ ದೊಡ್ಡವರಿಗೆ ನೀವೇ ನೆನಪಿಸಿ, ಮಕ್ಕಳೇ.