ದೆಹಲಿಯಿಂದ ಊರಿಗೆ: ವಿಮಾನವೋ, ರೈಲೋ?



ಏಮ್ಸ್‌ನಂಥ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಪಡೆದು ಊರಿಗೆ ಮರಳುವ ಕೆಲವರಿಗೆ ವಿಮಾನದ ಟಿಕೆಟ್, ಕೆಲವರಿಗೆ ರೈಲಿನದು ಏಕೆ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ.

ದೆಹಲಿಯಿಂದ ಬೆಂಗಳೂರಿಗೆ ವಿಮಾನದಲ್ಲಿ ಸುಮಾರು 1,700 ಕಿ.ಮೀ., ಹೆಚ್ಚುಕಡಿಮೆ ಎರಡೂಮುಕ್ಕಾಲು ಗಂಟೆ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು 2,400 ಕಿ.ಮೀ., ಎರಡು ರಾತ್ರಿ ರೈಲಿನಲ್ಲೇ ಕಳೆಯಬೇಕು.

ಆದರೂ ಕಲಬುರಗಿ, ಯಾದಗಿರಿ, ರಾಯಚೂರಿನವರಿಗೆ ರೈಲೇ ಅನುಕೂಲ. ಆ ರೈಲು ಅವರ ಊರಿನ ಮೇಲೆಯೇ ಹೋಗುತ್ತದೆ. ಬೆಂಗಳೂರಿಗೆ ಹಾರಿದರೆ ಮತ್ತೆ ಉತ್ತರಕ್ಕೆ ಒಂದು ರಾತ್ರಿಯ ಪ್ರಯಾಣ. ಕ್ಯಾನ್ಸರ್ ರೋಗಿಗಳಿಗೆ ಸ್ಲೀಪರ್ ಹಾಗೂ ತ್ರೀ ಟಿಯರ್ ಎ.ಸಿ.ಯಲ್ಲಿ ರೈಲ್ವೆ ಪೂರ್ಣ ರಿಯಾಯಿತಿ ಕೊಡುತ್ತದೆ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75. ಆಸ್ಪತ್ರೆಯ ಪ್ರಮಾಣಪತ್ರ ಮಾತ್ರ ಕೈಯಲ್ಲಿರಬೇಕು.

ಎರಡು ರಾತ್ರಿಯ ಕುಲುಕಾಟ ತಡೆಯಲಾರದ ರೋಗಿಗೆ ವಿಮಾನವೇ ದಾರಿ. ಅಲ್ಲೂ ಎಚ್ಚರ ಬೇಕು. ಹಾರಾಟದಲ್ಲಿ ಕ್ಯಾಬಿನ್ನಿನ ಗಾಳಿ ಮುಳ್ಳಯ್ಯನಗಿರಿಯ ತುದಿಯಲ್ಲಿರುವಷ್ಟು, ಕೆಲವೊಮ್ಮೆ ಅದಕ್ಕಿಂತಲೂ ತೆಳುವಾಗಿರುತ್ತದೆ. ಹೃದಯ, ಶ್ವಾಸಕೋಶದ ತೊಂದರೆ ಇರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಒಪ್ಪಿಗೆ ಇಲ್ಲದೆ ಹೊರಡಬಾರದು. ಮಲಗಿಯೇ ಹೋಗಬೇಕಾದರೆ ಸ್ಟ್ರೆಚರ್‌ಗೆ ಹಲವು ಸೀಟುಗಳ ಜಾಗ ಬೇಕು, ಖರ್ಚೂ ಅಷ್ಟೇ ಪಟ್ಟು.

ಆಸ್ಪತ್ರೆಯ ಬಿಲ್ ಕಟ್ಟಿ ಕೈ ಖಾಲಿಯಾದ ಕುಟುಂಬಕ್ಕೆ ಈ ಕೊನೆಯ ಖರ್ಚೇ ಭಾರ. ಅದನ್ನು ನಮ್ಮ ವೈದ್ಯಕೀಯ ನೆರವು ನಿಧಿ ಹೊರಬೇಕಾದರೆ ನಿಮ್ಮ ಕೈಜೋಡಣೆ ಬೇಕು. ಯಥಾಶಕ್ತಿ ನೆರವಾಗಿ ಎಂದು ವಿನಂತಿ.